ಪುಟ್ಟಕ್ಕನಿಗೆ ಹಾಕದೆ ಉಳಿಸಿದ ಸೂಜಿಮದ್ದು

ಜಿಲ್ಲಾ ವೈದ್ಯಾಧಿಕಾರಿಗಳ ಹುದ್ದೆಯಲ್ಲಿರುವ ಮಾನ್ಯರೇ,

ತಾವು ಶಿಕ್ಷಿಸಲು ಹೊರಟಿರುವ ಮನುಷ್ಯ ಸರಿಯಾದವನೇ. ಆರಿಸಿಕೊಂಡಿರುವ ದಿನ ಮಾತ್ರ ತಪ್ಪು. ಹೋದ ತಿಂಗಳು ರಾಯದುರ್ಗ ತಾಲ್ಲೂಕಿನ ನಮ್ಮ ದವಾಖಾನೆಯಲ್ಲಿ, ಡಾಕ್ಟರು ಊರಲ್ಲಿಲ್ಲದ ಹೊತ್ತಿನಲ್ಲಿ, ಬೀರುವಿನ ಗಾಜು ಒಡೆದು, ಕಂಬಳಿ ನೇಯುವ ಓಬಯ್ಯನ ತೋಳಿಗೆ ಸೂಜಿಮದ್ದು ಹಾಕಿದೆನೆಂದು ನನ್ನನ್ನು ಅಮಾನತಿನಲ್ಲಿಟ್ಟಿದ್ದೀರಿ. ಓಬಯ್ಯ ಬದುಕಿದ್ದಾನೆ. ಮೂರು ವರ್ಷದ ಹಿಂದೆ ನಾನು ಮಡಕಶಿರ ತಾಲ್ಲೂಕಿನಲ್ಲಿದ್ದಾಗ, ಅದೇ ಉಬ್ಬಸದಿಂದ ನರಳುತ್ತಿದ್ದ ಪುಟ್ಟಕ್ಕನೆಂಬ ಹೆಣ್ಣುಮಗಳಿಗೆ ಅದೇ ಮದ್ದನ್ನು ಹಾಕದೆ ಕೈಕಟ್ಟಿ ನಿಂತೆ. ಅವಳು ಸತ್ತಳು. ಅದಕ್ಕಾಗಿ ತಾವು ನನ್ನನ್ನು ಹೊಗಳಿ ಬರೆದಿರಿ. ಹೊಗಳಿಕೆಯ ನಕಲು ಮತ್ತು ಅಮಾನತಿನ ಹುಕುಂ ಎರಡೂ ಈಗ ನನ್ನ ಎದುರಿಗಿವೆ. ಎರಡರ ಕೆಳಗೂ ಒಂದೇ ಸಹಿ.

ಹದಿನೈದು ದಿನದೊಳಗೆ ಸಮಜಾಯಿಷಿ ಬರೆದುಕೊಡು ಎಂದು ಅಪ್ಪಣೆಯಾಗಿದೆ. ಅದನ್ನು ಪತ್ರಿಕೆಯ ಮೂಲಕ ಕೊಡುತ್ತಿರುವುದಕ್ಕೆ ಕ್ಷಮೆ ಇರಲಿ. ತಮ್ಮ ಕಚೇರಿಯ ಕಡತದಲ್ಲಿ ಒಮ್ಮೆ ಸುಳ್ಳು ಬರೆಸಿದವನು ನಾನು. ನಿಜವನ್ನೂ ಅಲ್ಲಿಗೇ ಕಳಿಸಿದರೆ ಅದು ಆ ಸುಳ್ಳಿನ ಕೆಳಗೆ ಅಚ್ಚುಕಟ್ಟಾಗಿ ಮಡಚಿಕೊಂಡು ಮಲಗುತ್ತದೆ ಎಂಬ ಭಯ ನನಗೆ.

ಓದುವವರೆಲ್ಲರೂ ವೈದ್ಯರಲ್ಲವಾದ್ದರಿಂದ ಮೊದಲು ಒಂದು ಮಾತು ಬಿಡಿಸಿ ಹೇಳಬೇಕು. ಮದ್ದುಗಳಲ್ಲಿ ಕೆಲವನ್ನು ಕುಡಿಸಿ ಪ್ರಯೋಜನವಿಲ್ಲ. ಹೊಟ್ಟೆಗೆ ಹೋದರೆ ಅಲ್ಲೇ ಕೆಟ್ಟುಹೋಗುತ್ತವೆ, ಇಲ್ಲವೆ ರಕ್ತಕ್ಕೆ ಸೇರುವಷ್ಟರಲ್ಲಿ ರೋಗಿ ಉಳಿದಿರುವುದಿಲ್ಲ. ಅಂಥವನ್ನು ತೋಳಿನ ಚರ್ಮ ಎರಡು ಬೆರಳಲ್ಲಿ ಚಿವುಟಿ ಹಿಡಿದು, ಸೂಜಿಯನ್ನು ಓರೆಯಾಗಿ ಚರ್ಮದ ಅಡಿಗೆ ಇಳಿಸಿ ಬಿಡುತ್ತಾರೆ. ತಡೆಯಲಾರದ ನೋವಿಗೆ ಮಾರ್ಫಿಯಾ ಹಾಗೆಯೇ ಕೊಡುವುದು. ಸಕ್ಕರೆ ಕಾಯಿಲೆಯವರಿಗೆ ದೊಡ್ಡ ಊರುಗಳಲ್ಲಿ ಕೊಡುತ್ತಿರುವ ಇನ್ಸುಲಿನ್ ಕೂಡ ಹಾಗೆಯೇ. ಉಬ್ಬಸಕ್ಕೆ ಅಡ್ರಿನಲಿನ್ ಎಂಬುದಿದೆ. ಬೆರಳುದ್ದದ ಗಾಜಿನ ಕೊಳವೆಯಲ್ಲಿ ನೀರಿನಂತೆ ತಿಳಿಯಾಗಿರುತ್ತದೆ. ಹಳತಾಗಿ ಕೆಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಅರ್ಧ ಸಿ.ಸಿ. ಚರ್ಮದಡಿಗೆ ಹೋದರೆ ಸಾಕು, ಕೈ ಸ್ವಲ್ಪ ನಡುಗುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಹತ್ತು ನಿಮಿಷದೊಳಗೆ ಉಸಿರು ಸಡಿಲವಾಗುತ್ತದೆ. ಅಳತೆ ಮೀರಿದರೆ, ರಕ್ತನಾಳಕ್ಕೆ ಹೋದರೆ, ಎದೆ ದುರ್ಬಲವಾಗಿದ್ದವರಿಗೆ ಕೊಟ್ಟರೆ ಕೊಲ್ಲಲೂಬಹುದು. ಆದ್ದರಿಂದಲೇ ಡಾಕ್ಟರಲ್ಲದವರು ಅದನ್ನು ಮುಟ್ಟಕೂಡದೆಂದು ತಾವು ಸುತ್ತೋಲೆ ಹೊರಡಿಸಿದಿರಿ. ಅದು ಹುಚ್ಚು ನಿಯಮವೆಂದು ನಾನು ಹೇಳುವುದಿಲ್ಲ. ಡಾಕ್ಟರು ಇರುವ ದಿನಗಳಿಗೆ ಅದು ಬಹಳ ಒಳ್ಳೆಯ ನಿಯಮ.

ಪುಟ್ಟಕ್ಕ ಅಗಳಿ ಕಡೆಯ ಒಂದು ಗೊಲ್ಲರಹಟ್ಟಿಯವಳು. ನಲವತ್ತರ ಆಸುಪಾಸು ವಯಸ್ಸು. ಗಂಡ ಜುಂಜಪ್ಪನೊಡನೆ ಕುರಿ ಕಾಯುತ್ತಿದ್ದಳು. ಚಳಿಗಾಲ ಬಂತೆಂದರೆ ಅವಳಿಗೆ ಉಬ್ಬಸ. ಆ ವರ್ಷ ದೀಪಾವಳಿಯಿಂದೀಚೆಗೆ ಮೂರು ಸಲ ನಮ್ಮ ದವಾಖಾನೆಗೆ ಬಂದಿದ್ದಳು, ಮೂರು ಸಲವೂ ಡಾಕ್ಟರು ಸೂಜಿ ಹಾಕಿದ್ದರು. ಸೂಜಿ ಕುದಿಸಿದವನು, ಗಾಜಿನ ಕೊಳವೆಯ ಕುತ್ತಿಗೆಗೆ ಅರ ಹಾಕಿ ಮುರಿದುಕೊಟ್ಟವನು, ಅವಳ ತೋಳು ಹಿಡಿದವನು ನಾನು. ಉಸಿರು ಬಂದ ತಕ್ಷಣ ಅವಳಿಗೆ ಮಾತೂ ಬರುತ್ತಿತ್ತು. "ಕಾಂಪೋಂಡ್ರಪ್ಪ, ಎದೆ ಮ್ಯಾಕೆ ಕುಂತಿದ್ದ ಟಗರು ಎದ್ದೋದಂಗಾತು ಕಣಪ್ಪ," ಎಂದು ನಗುತ್ತಿದ್ದಳು. ಮೂರನೆಯ ಸಲ ಡಾಕ್ಟರನ್ನು ಬಿಟ್ಟು ನನ್ನನ್ನೇ ಕೇಳಿದಳು: "ಇದ್ನ ನೀನೂ ಹಾಕ್ಬೌದಾ?" ಡಾಕ್ಟರು ನಕ್ಕರು. "ನನಗಿಂತ ಅವರೇ ಚೆನ್ನಾಗಿ ಹಾಕ್ತಾರೆ, ಆದ್ರೆ ಅವರು ಹಾಕೋ ಹಂಗಿಲ್ಲ," ಎಂದರು. ನಾನೂ ನಕ್ಕೆ.

ಮಾರ್ಗಶಿರ ಮಾಸದ ಒಂದು ಬೆಳಿಗ್ಗೆ ಡಾಕ್ಟರು ದೂರದ ಹಳ್ಳಿಯೊಂದಕ್ಕೆ ವಿಷಮಜ್ವರ ನೋಡಲು ಹೊರಟರು. ಹೊರಡುವಾಗ ಬೀರುವಿನ ಬೀಗದಕೈ ನನ್ನ ಕೈಗಿಟ್ಟು, "ಸಂಜೆಗೆ ಬರ್ತೀನಿ. ತೀರಾ ಕಷ್ಟ ಬಂದ್ರೆ ನೋಡ್ಕೊಳ್ಳಿ," ಎಂದರು. ಬರಹದಲ್ಲಿ ಏನನ್ನೂ ಕೊಡಲಿಲ್ಲ. ನಾನು ಅದನ್ನು ಉಡಿದಾರಕ್ಕೆ ಕಟ್ಟಿ, ಪಂಚೆಯ ಒಳಕ್ಕೆ ಸೇರಿಸಿಕೊಂಡೆ. ಮಾನ್ಯರೇ, ವಿಚಾರಣೆಯಲ್ಲಿ ತಮಗೆ ಹೇಳದೆ ಮುಚ್ಚಿಟ್ಟದ್ದು ಇದನ್ನೇ. ಬೀಗದಕೈ ನನ್ನ ಬಳಿಯೇ ಇತ್ತು.

ಹತ್ತು ಗಂಟೆಯ ಹೊತ್ತಿಗೆ ಜುಂಜಪ್ಪ ಗಾಡಿ ಹೊಡೆದುಕೊಂಡು ಬಂದ. ಪುಟ್ಟಕ್ಕ ಎರಡೂ ಕೈಯೂರಿ ಮುಂದಕ್ಕೆ ಬಾಗಿ ಕುಳಿತಿದ್ದಳು. ತುಟಿ ನೀಲಿಯಾಗಿತ್ತು, ಕತ್ತಿನ ನರಗಳು ಹುರಿಗಟ್ಟಿದ್ದವು. ಎದೆಯೊಳಗಿನ ಸಿಳ್ಳು ಅಂಗಳದವರೆಗೆ ಕೇಳುತ್ತಿತ್ತು.

"ಸೋಮಿ, ಜಲ್ದಿ ಸೂಜಿ ಹಾಕ್ಸಿ. ಬೆಳಕರೀವಾಗ್ಲಿಂದ ಹಿಂಗೇ ಅವ್ಳೆ," ಎಂದ ಜುಂಜಪ್ಪ.

"ಡಾಕ್ಟ್ರು ಇಲ್ಲ. ಸಂಜೆಗೆ ಬರ್ತಾರೆ."

"ಸಂಜೀಗಂಟ ಇರ್ತಾಳಾ ಇವ್ಳು? ನೀವೇ ಹಾಕಿ ಸೋಮಿ."

ಹಿಂದಿನ ವರ್ಷ ಬೇರೊಂದು ಕಡೆ ಒಬ್ಬ ಕಾಂಪೌಂಡರು ಸೂಜಿ ಹಾಕಿ, ರೋಗಿ ತೀರಿಕೊಂಡು, ಅವನ ಕೆಲಸ ಹೋಗಿತ್ತು. ಆ ಸುದ್ದಿ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ನನಗೆ ಮದ್ದು ಗೊತ್ತಿತ್ತು, ಅಳತೆ ಗೊತ್ತಿತ್ತು, ಅವಳ ತೋಳು ಗೊತ್ತಿತ್ತು. ಆದರೂ ಒಂದೇ ಯೋಚನೆ: ಸಾಯುವುದಿದ್ದರೆ ಇವಳು ನನ್ನ ಕೈಯಲ್ಲಿ ಸಾಯದಿರಲಿ. ಇದನ್ನು ನಿಯಮಪಾಲನೆ ಎನ್ನುತ್ತೀರಾ? ನಾನು ಹಾಗೆಂದೇ ಕರೆದುಕೊಂಡೆ. "ಬೀಗದಕೈ ಡಾಕ್ಟ್ರ ಹತ್ರ ಐತಪ್ಪ," ಎಂದುಬಿಟ್ಟೆ.

ಆಮೇಲೆ ಏನೇನೋ ಮಾಡಿದೆ. ಮಾಡುತ್ತಿದ್ದೇನೆಂದು ತೋರಿಸಿಕೊಳ್ಳಲು ಮಾಡಿದೆ. ಕುಡಿಯುವ ಮಿಕ್ಸ್ಚರು ಕೊಟ್ಟೆ, ಗುಟುಕು ಗಂಟಲಲ್ಲಿ ಇಳಿಯಲಿಲ್ಲ. ಉಮ್ಮತ್ತಿ ಎಲೆಯ ಪುಡಿ ಹೊತ್ತಿಸಿ ಹೊಗೆ ಹಿಡಿದೆ, ಎಳೆದುಕೊಳ್ಳಲು ಅವಳಲ್ಲಿ ಉಸಿರಿರಲಿಲ್ಲ. ಅವಳು ಬೀರುವನ್ನು ನೋಡಿದಳು, ನನ್ನನ್ನು ನೋಡಿದಳು, ಕೈಯೆತ್ತಿ ಏನನ್ನೋ ತೋರಿಸಿದಳು. ನಾನು ಮಿಕ್ಸ್ಚರಿನ ಸೀಸೆ ತೊಳೆಯಲು ಒಳಗೆ ಹೋದೆ. ಅದನ್ನು ಎರಡು ಸಲ ತೊಳೆದೆ. ಹನ್ನೊಂದೂವರೆಯ ಸುಮಾರಿಗೆ ಪಡಸಾಲೆಯ ಕಂಬವನ್ನು ತಬ್ಬಿಕೊಂಡು ಕುಳಿತಂತೆಯೇ ಅವಳ ಸಿಳ್ಳು ನಿಂತಿತು. ಉಸಿರು ಸಿಕ್ಕಿತೇನೋ ಎಂದುಕೊಂಡು ಜುಂಜಪ್ಪ ನನ್ನ ಕಡೆ ನೋಡಿ ನಕ್ಕ. ಆ ನಗುವನ್ನು ನಾನು ತಮಗೆ ಯಾವ ಭಾಷೆಯಲ್ಲಿ ವರದಿ ಮಾಡಲಿ?

ಸಂಜೆ ಬಂದ ಡಾಕ್ಟರು ಎಲ್ಲವನ್ನೂ ಕೇಳಿ, "ನಿಮ್ಮ ಹತ್ರಾನೇ ಇತ್ತಲ್ಲ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಬೀಗದಕೈ ಕೊಟ್ಟದ್ದು ಅವರದೂ ತಪ್ಪಾಗುತ್ತಿತ್ತು. ವಿಚಾರಣೆಗೆ ತಾವು ಬಂದಾಗ ಡಾಕ್ಟರು "ಬೀಗದಕೈ ನನ್ನ ಬಳಿಯೇ ಇತ್ತು" ಎಂದರು, ಹೌದೆಂದು ನಾನು ಹೇಳಿದೆ. ಅವರು ಈಗ ತೀರಿಕೊಂಡಿದ್ದಾರೆ. ಅಲ್ಲಿಯವರೆಗೆ ನಾನು ಬಾಯಿ ಬಿಡಲಿಲ್ಲ ಎಂಬುದನ್ನೂ ನನ್ನ ಧೈರ್ಯದ ಲೆಕ್ಕಕ್ಕೆ ಬರೆದುಕೊಳ್ಳಿ. ತಾವು ಮೂರು ಪ್ರಶ್ನೆ ಕೇಳಿ, ಕಾಫಿ ಕುಡಿದು, ತನಿಖಾ ಪುಸ್ತಕದಲ್ಲಿ ಬರೆದಿರಿ: ಓರ್ವ ಹೆಂಗಸು ಆಸ್ತಮಾದಿಂದ ಮೃತಳಾಗಿದ್ದಾಳೆ, ಕಾಂಪೌಂಡರು ಒತ್ತಾಯಕ್ಕೆ ಮಣಿಯದೆ ತನ್ನ ಮಿತಿಯನ್ನು ಅರಿತು ನಡೆದದ್ದು ಪ್ರಶಂಸನೀಯ. ಅದರ ಬಲದಿಂದಲೇ ನಾನು ಕೇಳಿದ್ದ ರಾಯದುರ್ಗದ ಕಡೆಯ ವರ್ಗ ಸಿಕ್ಕಿತು.

ನನ್ನ ಮಿತಿಯ ಬಗ್ಗೆ ಒಂದು ಸಂಶಯ ಮಾತ್ರ ಉಳಿದಿದೆ. ಮರುವರ್ಷ ವೇದಾವತಿಯ ದಡದ ಹಳ್ಳಿಗಳಲ್ಲಿ ಕಾಲರಾ ಬಂದಾಗ ತಮ್ಮ ತಂತಿಯೇ ಬಂತಲ್ಲವೆ? ಕೂಡಲೇ ಹೊರಟು ಸಿಕ್ಕಸಿಕ್ಕವರಿಗೆಲ್ಲ ಸೂಜಿ ಹಾಕು ಎಂದು. ಭೈರವಾನಿತಿಪ್ಪದ ಸುತ್ತ ನಾಲ್ಕು ದಿನದಲ್ಲಿ ಆರುನೂರು ತೋಳುಗಳಿಗೆ ಹಾಕಿದೆ. ಅದೂ ಚರ್ಮದ ಅಡಿಗೇ. ಸೂಜಿಯೂ ಅದೇ, ಕೈಯೂ ಇದೇ. ಗುಂಪು ಹೆಚ್ಚಾದಾಗ ಕಾಂಪೌಂಡರನ ಕೈಗೆ ವಿದ್ಯೆ ಬರುತ್ತದೆ, ಒಬ್ಬಳೇ ಹೆಂಗಸು ಗಾಡಿಯಲ್ಲಿ ಬಂದಾಗ ಹೊರಟುಹೋಗುತ್ತದೆ ಎಂದು ಯಾವ ವೈದ್ಯಶಾಸ್ತ್ರದಲ್ಲಿ ಹೇಳಿದೆ? ಊರೇ ಸತ್ತರೆ ಮೇಲಿನವರು ತಮ್ಮನ್ನು ಕೇಳುತ್ತಾರೆ, ಪುಟ್ಟಕ್ಕ ಸತ್ತರೆ ಕೇಳುವವರಿಲ್ಲ ಎಂಬುದು ಕಾರಣವಾಗಿದ್ದರೆ ಸುತ್ತೋಲೆಯಲ್ಲಿ ಹಾಗೆಂದೇ ಬರೆದುಬಿಡಿ; ನಾವು ಗುಂಪಾಗಿ ಕಾಯಿಲೆ ಬೀಳಲು ಪ್ರಯತ್ನಿಸುತ್ತೇವೆ.

ಇನ್ನು ಓಬಯ್ಯನ ವಿಷಯ. ನಮ್ಮ ಈಗಿನ ಡಾಕ್ಟರು ಕೋರ್ಟಿನಲ್ಲಿ ಸಾಕ್ಷಿ ಹೇಳಲು ಅನಂತಪುರಕ್ಕೆ ಹೋಗಿದ್ದರು. ಬೀಗದಕೈಯನ್ನು ನಿಯಮದಂತೆ ಜೊತೆಗೇ ಒಯ್ದಿದ್ದರು. ಮಧ್ಯಾಹ್ನ ಓಬಯ್ಯನನ್ನು ಹೊರಸಿನ ಮೇಲೆ ಹೊತ್ತು ತಂದರು. ಉಣ್ಣೆಯ ಧೂಳು ಕುಡಿದು ಕುಡಿದು ಅವನಿಗೆ ಉಬ್ಬಸ. ಹಿಂದೆಯೇ ಹೆಂಡತಿ ಸುಂಕಲಮ್ಮ ಓಡಿಬಂದಳು. ಅವನ ತುಟಿಯ ಬಣ್ಣ ನೋಡಿದೆ. ಆ ಬಣ್ಣ ನನಗೆ ಗೊತ್ತಿತ್ತು.

"ಬೀಗ ಹಾಕೇತಮ್ಮ. ಕೈ ಡಾಕ್ಟ್ರ ಹತ್ರ ಐತಿ," ಎಂದೆ. ಈ ಸಲ ಅದು ನಿಜವಾಗಿತ್ತು.

"ಗಾಜಿಂದು ಐತಲ್ರಿ ಅದು! ಒಡೀರಿ!" ಎಂದಳು ಸುಂಕಲಮ್ಮ. "ನೀವು ಒಡೀದಿದ್ರ ನಾನು ಒಡೀತೀನ್ರಿ. ಯಾಕ ನಿಂತೀರಿ ಹಂಗ?"

ಯಾಕೆ ನಿಂತಿದ್ದೆನೆಂದು ಅವಳಿಗೆ ಹೇಳುವಷ್ಟು ಹೊತ್ತಿರಲಿಲ್ಲ. ಮದ್ದು ಅರೆಯುವ ಗುಂಡಿನಿಂದ ಗಾಜು ಒಡೆದೆ. ಸ್ಪಿರಿಟ್ ದೀಪ ಹೊತ್ತಿಸಿ ಸೂಜಿ ಕುದಿಸುವಾಗ ಸುಂಕಲಮ್ಮನೇ ಪಾತ್ರೆ ಹಿಡಿದುಕೊಂಡಳು. ಮದ್ದನ್ನು ಬೆಳಕಿಗೆ ಹಿಡಿದು ನೋಡಿದೆ, ತಿಳಿಯಾಗಿತ್ತು. ನಾಡಿ ನೋಡಿದೆ. ಹಿಂದೆ ಎರಡು ಸಲ ಇದೇ ಮದ್ದು ಹಾಕಿಸಿಕೊಂಡು ತಡೆದುಕೊಂಡಿದ್ದಾನೆಂದು ರಿಜಿಸ್ಟರಿನಲ್ಲಿತ್ತು. ಅರ್ಧ ಸಿ.ಸಿ. ಅಷ್ಟೇ, ನಿಧಾನವಾಗಿ ಬಿಟ್ಟೆ. ಏಳನೆಯ ನಿಮಿಷಕ್ಕೆ ಅವನ ಭುಜ ಇಳಿಯಿತು. ಕಾಲು ಗಂಟೆಯಲ್ಲಿ ನೀರು ಕೇಳಿದ. ಸುಂಕಲಮ್ಮ ನನ್ನ ಕಾಲಿಗೆ ಬೀಳಲು ಬಂದಳು. ನಾನು ಹಿತ್ತಲಿಗೆ ಓಡಿಹೋಗಿ ಗೋಡೆಗೆ ಮುಖ ಕೊಟ್ಟು ಅತ್ತೆ. ಸಂತೋಷಕ್ಕೆ ಅತ್ತೆನೆಂದು ಅವಳು ಊರಿಗೆಲ್ಲ ಹೇಳಿದ್ದಾಳೆ. ಏಳು ನಿಮಿಷದ ಕೆಲಸ, ಮಾನ್ಯರೇ. ಪುಟ್ಟಕ್ಕ ನನಗೆ ಒಂದೂವರೆ ಗಂಟೆ ಕೊಟ್ಟಿದ್ದಳು.

ಅಮಾನತಿನಿಂದ ಒಂದು ಉಪಕಾರವಾಯಿತು, ಬಿಡುವು ಸಿಕ್ಕಿತು. ಎರಡು ದಿನ ಬಸ್ಸು, ಗಾಡಿ ಹಿಡಿದು ಜುಂಜಪ್ಪನ ಹಟ್ಟಿಗೆ ಹೋದೆ. ಅವನು ಕುರಿಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. "ಬಾ ಸೋಮಿ, ಕುಂತ್ಕ," ಎಂದು ಕಂಬಳಿ ಹಾಸಿದ. ನಾನು ಕೂರದೆ, ಬೀಗದಕೈಯ ವಿಷಯವನ್ನು ನಿಂತೇ ಹೇಳಿದೆ.

ಅವನು ಮುಳ್ಳು ತೆಗೆದು ಮುಗಿಸಿದ. ಮರಿಯನ್ನು ಕೆಳಗೆ ಬಿಟ್ಟ. "ನಿನ್ತಾವೇ ಇತ್ತಾ?" ಎಂದ.

"ಇತ್ತು."

"ಅವ್ಳು ನಂಗೆ ಕೈ ತೋರ್ಸಿ ಹೇಳುದ್ಲು. ನಿನ್ ಸ್ವಾಂಟ ತೋರ್ಸುದ್ಲು. ನೀನು ಬಗ್ಗಿ ಹೊಗೆ ಹಾಕ್ವಾಗ ಕಂಡಿತ್ತೇನೋ. ಉಸ್ರು ಸಿಗ್ದೆ ಕೈ ಆಡುಸ್ತಾವ್ಳೆ ಅಂದ್ಕಂಡೆ ನಾನು." ತೆಗೆದ ಮುಳ್ಳನ್ನು ಬೇಲಿಯಾಚೆ ಎಸೆದ. ಆಮೇಲೆ, "ಮೂರು ವರ್ಸ ನಿನ್ನ ಒಳ್ಳೇನು ಅಂತ ಎಲ್ರಿಗೂ ಹೇಳ್ಕಂಡು ಬಂದೆ," ಎಂದ.

ಬೈಯಲಿಲ್ಲ, ಹೊಡೆಯಲಿಲ್ಲ. ಕ್ಷಮಿಸಿದೆನೆಂದೂ ಹೇಳಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ. ನಾನು ಇದನ್ನೆಲ್ಲ ಸರಕಾರಕ್ಕೆ ಬರೆಯುತ್ತೇನೆಂದಾಗ, "ಬರಿ. ಅವ್ಳ ಹೆಸ್ರು ಹಾಕಿ ಬರಿ," ಎಂದಷ್ಟೇ ಹೇಳಿ, ಕುರಿಗಳ ಕಡೆ ನಡೆದುಬಿಟ್ಟ.

ಆದ್ದರಿಂದ ನನ್ನ ಸಮಜಾಯಿಷಿ ಹೀಗಿದೆ. ಗಾಜು ಒಡೆದದ್ದು, ಸೂಜಿ ಹಾಕಿದ್ದು ನಿಜ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ, ನಾಳೆ ಇನ್ನೊಬ್ಬ ಓಬಯ್ಯ ಬಂದರೆ ಮತ್ತೆ ಹಾಕುತ್ತೇನೆ. ಮೂರು ವರ್ಷದ ಹಿಂದಿನ ತಮ್ಮ ಪ್ರಶಂಸೆಯನ್ನು ರದ್ದುಮಾಡಿ. ತನಿಖಾ ಪುಸ್ತಕದ ಆ ಪುಟದಲ್ಲಿ 'ಓರ್ವ ಹೆಂಗಸು' ಎಂಬುದನ್ನು ಹೊಡೆದುಹಾಕಿ ಜುಂಜಪ್ಪನ ಹೆಂಡತಿ ಪುಟ್ಟಕ್ಕ ಎಂದು ಬರೆಯಿಸಿ. ಸುಳ್ಳು ಸಾಕ್ಷಿ ನುಡಿದದ್ದಕ್ಕೆ, ಮದ್ದಿದ್ದೂ ಕೊಡದೆ ಒಂದು ಜೀವ ಹೋಗಲು ಬಿಟ್ಟದ್ದಕ್ಕೆ ನನ್ನ ಮೇಲೆ ಹೊಸದಾಗಿ ಆರೋಪ ಹೊರಿಸಿ. ನಾನು ಒಂದನ್ನೂ ಅಲ್ಲಗಳೆಯುವುದಿಲ್ಲ, ವಕೀಲರನ್ನೂ ಇಡುವುದಿಲ್ಲ.

ಮತ್ತು ಆ ಸುತ್ತೋಲೆಯನ್ನು ತಿದ್ದಿ. ಜಿಲ್ಲೆಯ ಕಾಂಪೌಂಡರುಗಳನ್ನು, ಸೂಲಗಿತ್ತಿ ನರ್ಸುಗಳನ್ನು ಒಂದು ವಾರ ಕರೆಸಿ, ಯಾವ ಮದ್ದು, ಎಷ್ಟು, ಯಾರಿಗೆ ಕೂಡದು ಎಂದು ಕಲಿಸಿ, ಪರೀಕ್ಷೆ ಮಾಡಿ, ಡಾಕ್ಟರು ಇಲ್ಲದ ಹೊತ್ತಿನಲ್ಲಿ ಜೀವ ಹೋಗುವಂತಿದ್ದರೆ ಸೂಜಿ ಹಾಕಲು ಬರಹದಲ್ಲಿ ಅಪ್ಪಣೆ ಕೊಡಿ. ಈ ಚಳಿ ಮುಗಿಯುವ ಮೊದಲೇ ಕೊಡಿ. ನನ್ನಂಥ ಹೇಡಿಗಳು ತಮ್ಮ ಇಲಾಖೆಯಲ್ಲಿ ಬಹಳ ಮಂದಿ ಇದ್ದೇವೆ. ನಮ್ಮಲ್ಲಿ ಧೈರ್ಯ ಹುಟ್ಟಲೆಂದು ಕಾಯುತ್ತ ಕೂತರೆ ರೋಗಿಗಳು ಉಳಿಯುವುದಿಲ್ಲ. ಒಂದು ಸಾಲು ಹುಕುಂ ಇದ್ದರೆ ಹೇಡಿಯ ಕೈಯೂ ಕೆಲಸ ಮಾಡುತ್ತದೆ.

ಇಂತಿ,
ಹೊಗಳಿಕೆಗೆ ಅರ್ಹನಲ್ಲದ, ಶಿಕ್ಷೆಯನ್ನು ಸರಿಯಾದ ತಪ್ಪಿಗೆ ಬೇಡುತ್ತಿರುವ,
ಲಕ್ಷ್ಮೀನರಸಪ್ಪ
ಕಾಂಪೌಂಡರು, ಸದ್ಯ ಅಮಾನತಿನಲ್ಲಿ
ರಾಯದುರ್ಗ ತಾಲ್ಲೂಕು, ಡಿಸೆಂಬರ್ ೧೯೫೭