ಚೀಲ ಇತ್ತು, ಮಗು ಇರಲಿಲ್ಲ

ಮಾನ್ಯ ಕಾರ್ಯದರ್ಶಿಗಳೇ,

ಸರ್ಕಾರಿ ಶಾಲೆಗಳ ಕಾರ್ಯಕ್ರಮಗಳ ಮೇಲ್ವಿಚಾರಣೆಯನ್ನು ನೀವು ಮರುಸಂಘಟಿಸಿ ಹದಿನಾಲ್ಕು ತಿಂಗಳಾದವು. ಅಂದಿನಿಂದ ನನ್ನ ಶಾಲೆಗೆ ಒಬ್ಬ ತನಿಖಾಧಿಕಾರಿಯೂ ಕಾಲಿಟ್ಟಿಲ್ಲ. ಓದಲು ಬಾರದ ಐದು ಮಕ್ಕಳಿಗೆ ದಿನಕ್ಕೊಂದು ಗಂಟೆ ಓದು ಕಲಿಸುತ್ತಿದ್ದ ಸಹಾಯಕಿ ಹನ್ನೊಂದು ತಿಂಗಳಿಂದ ಬಂದಿಲ್ಲ. ಆದರೂ ನಿಮ್ಮ ದಾಖಲೆಯಲ್ಲಿ ಆ ಕಾರ್ಯಕ್ರಮ ‘ತೃಪ್ತಿಕರ’ವಾಗಿ ನಡೆಯುತ್ತಿದೆ. ಹಾಗೆಂದು ಬರೆದು ಕಳಿಸಿದವನು ನಾನೇ, ಅದೂ ಮೂರು ಸಲ. ಆದ್ದರಿಂದ ಈ ಪತ್ರವನ್ನು ದೂರು ಎಂದು ಓದುವ ಮೊದಲು ತಪ್ಪೊಪ್ಪಿಗೆ ಎಂದು ಓದಿ.

ನಾನು ಏಳು ಕೋಣೆಗಳ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯ. ಮೂರು ವರ್ಷಗಳ ಹಿಂದೆ, ತನಿಖೆಯ ದಿನ, ಎರಡನೇ ತರಗತಿಯ ಐದು ಮಕ್ಕಳ ಕೈಗೆ ನೀರಿನ ಡಬ್ಬಿ ಕೊಟ್ಟು ಹಿಂದಿನ ಕೈತೋಟಕ್ಕೆ ಕಳಿಸಿದ್ದೆ. ಕಾರಣ ನಿಮಗೆ ಹೊಳೆದಿರಬಹುದು. ಅವರನ್ನು ಓದಿಸಿದರೆ ನನ್ನ ಮಾನ ಹೋಗುತ್ತಿತ್ತು.

ಅಂದು ಬಂದ ತನಿಖಾಧಿಕಾರಿ ನನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕೂರಲಿಲ್ಲ. ನೇರವಾಗಿ ತರಗತಿಗೆ ಹೋಗಿ, ಹಿಂದಿನ ಗೋಡೆಯ ಮೊಳೆಗಳಿಗೆ ನೇತು ಹಾಕಿದ್ದ ಚೀಲಗಳನ್ನು ಎಣಿಸಿದರು. ಆಮೇಲೆ ಮಕ್ಕಳನ್ನು ಎಣಿಸಿದರು.

“ಹೆಡ್ಮಾಸ್ಟ್ರೇ, ಚೀಲ ಮೂವತ್ತೆರಡು, ಮಕ್ಕಳು ಇಪ್ಪತ್ತೇಳು. ಐದು ಚೀಲ ತಾವಾಗೇ ನಡ್ಕೊಂಡು ಸ್ಕೂಲಿಗೆ ಬಂದ್ವಾ?”

“ಅದು ಮೇಡಂ... ಅವರಿಗೆ ತೋಟದಲ್ಲಿ ಪರಿಸರ ಪಾಠ.”

“ಓಹೋ! ಓದೋಕೆ ಬರದೇ ಇರೋರಿಗೆ ಮಾತ್ರಾನಾ ಪರಿಸರ?”

ಓದಲು ಬಾರದವರು ಎಂದು ನಾನು ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಮುಖವೇ ಹೇಳಿತ್ತು. ಅವರು ತೋಟಕ್ಕೆ ಹೋಗಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತರು. ಎದುರಿಗೆ ಡಬ್ಬಿ ಹಿಡಿದು ನಿಂತಿದ್ದ ಹುಡುಗಿಗೆ ಆಗ ಎಂಟು ವರ್ಷ. ಬಾಯಿಲೆಕ್ಕದಲ್ಲಿ, ಓಟದಲ್ಲಿ, ಮಾತಿನಲ್ಲಿ ಅವಳನ್ನು ಹಿಡಿಯುವವರಿಲ್ಲದ್ದರಿಂದ ಎಲ್ಲರೂ ಚೂಟಿ ಎಂದು ಕರೆಯುತ್ತಿದ್ದರು. ಅಕ್ಷರ ಮಾತ್ರ ಅವಳ ಕಣ್ಣೆದುರು ನಿಲ್ಲುತ್ತಿರಲಿಲ್ಲ.

“ಯಾಕೆ ಪುಟ್ಟೀ, ಓದೋದು ಇಷ್ಟ ಇಲ್ವಾ?” ಎಂದು ಅವರು ಕೇಳಿದರು.

“ನಂಗಿಷ್ಟ. ಯಾರಾದ್ರೂ ಬಂದಾಗ ನಾನು ಓದೋದು ಸರ್‌ಗೆ ಇಷ್ಟ ಇಲ್ಲ.”

ಆ ಅಧಿಕಾರಿ ನನ್ನ ಬಗ್ಗೆ ಎರಡು ಪುಟ ಬರೆದರು. ಅದರಲ್ಲಿ ಒಂದು ಸಾಲೂ ಸುಳ್ಳಿರಲಿಲ್ಲ. ತರಗತಿಯಲ್ಲೇ, ಮಕ್ಕಳೆದುರಿಗೇ, ನನ್ನನ್ನು ಬೈದರು ಕೂಡ. ಆದರೆ ಅವರದೇ ಇನ್ನೊಂದು ಪತ್ರದಿಂದ ಆರು ವಾರಗಳಲ್ಲಿ ಓದಿನ ಸಹಾಯಕಿ ಬಂದರು. ಎರಡು ತಿಂಗಳಿಗೊಮ್ಮೆ ಆ ಅಧಿಕಾರಿಯೂ ಬರುತ್ತಿದ್ದರು, ಹೇಳದೆ ಕೇಳದೆ. ಬಂದಾಗಲೆಲ್ಲ ಚೀಲ ಎಣಿಸುತ್ತಿದ್ದರು. ನಾವು ಮೇಷ್ಟ್ರುಗಳು ಬೆನ್ನ ಹಿಂದೆ ಅವರಿಗೆ ‘ಚೀಲದ ಮೇಡಂ’ ಎಂದು ಹೆಸರಿಟ್ಟು ನಕ್ಕೆವು. ಆ ನಗುವಿನ ಅಡಿಯಲ್ಲಿ ಇದ್ದದ್ದು ಭಯ. ಈಗ ಅನ್ನಿಸುತ್ತದೆ, ನನ್ನಂಥವನಿಗೆ ಆ ಭಯ ಬೇಕಿತ್ತು.

ಚೂಟಿಯ ತಾಯಿ ಬಟ್ಟೆ ಇಸ್ತ್ರಿ ಮಾಡುವವರು. ಅವರಿಗೂ ಓದು ಬಾರದು. ಯಾರ ಮನೆಯ ಗಂಟು ಯಾವುದೆಂದು ಗೊತ್ತಾಗಲು ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟುತ್ತಿದ್ದರು. ಎರಡನೇ ವರ್ಷ ಒಂದು ದಿನ ಅವರು ಶಾಲೆಯ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ, “ಮೇಷ್ಟ್ರೇ, ದಾರ ಎಲ್ಲಾ ಬಿಸಾಕಿದೆ. ಈಗ ಮನೆಯವ್ರ ಹೆಸರಿನ ಚೀಟಿ ಚುಚ್ತೀವಿ. ಇವಳೇ ಓದ್ತಾಳೆ, ನಿಧಾನಕ್ಕೆ,” ಎಂದರು. ಆ ‘ನಿಧಾನಕ್ಕೆ’ ಎನ್ನುವಾಗ ಅವರ ಮುಖದಲ್ಲಿದ್ದ ಹೆಮ್ಮೆ ಯಾವ ಪ್ರಶಸ್ತಿ ಪತ್ರದಲ್ಲೂ ನನಗೆ ಕಂಡಿಲ್ಲ.

ಅಷ್ಟರಲ್ಲಿ ನಿಮ್ಮ ಆದೇಶ ಬಂತು. ಒಂದು ಕಚೇರಿಯ ಕೆಲಸವನ್ನು ‘ದಕ್ಷತೆಗಾಗಿ’ ಮೂರು ಕಚೇರಿಗಳಿಗೆ ಹಂಚಲಾಯಿತು. ತನಿಖಾಧಿಕಾರಿಯ ಹುದ್ದೆ ರದ್ದಾಯಿತು. ಶಾಲೆಯ ಬಗ್ಗೆ ಶಾಲೆಯೇ ವರದಿ ಕೊಡುವ ಪದ್ಧತಿ ಬಂತು. ಪರೀಕ್ಷೆ ಬರೆದ ಹುಡುಗನಿಗೇ ಅಂಕ ಹಾಕಿಕೊಳ್ಳಲು ಹೇಳುವ ಧೈರ್ಯ ನನಗಂತೂ ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಬಂದಿಲ್ಲ.

ಸಹಾಯಕಿಯ ನೇಮಕ ನವೀಕರಣವಾಗದೆ ಅವರು ಬರುವುದು ನಿಂತಾಗ ಮೂರೂ ಕಚೇರಿಗಳಿಗೆ ಫೋನ್ ಮಾಡಿದೆ. ಮೊದಲನೆಯವರು ಹೇಳಿದರು: “ಸಾರ್, ಓದಿಸೋರ ಹುದ್ದೆ ನಮ್ಮದು, ಓದು ನಮ್ಮದಲ್ಲ.” ಎರಡನೆಯವರು: “ಓದು ನಮ್ಮದೇ. ಆದ್ರೆ ಹಿಂದುಳಿದ ಮಕ್ಕಳು ಅಂದ್ರೆ ವಿಶೇಷ ನೆರವು, ಅದು ಆರೋಗ್ಯದ ಕಡೆ ಹೋಯ್ತು.” ಆರೋಗ್ಯದ ಕಡೆಯವರು ಬಹಳ ಕಾಳಜಿಯಿಂದ, “ಮಗೂಗೆ ಜ್ವರ ಏನಾದ್ರೂ ಇದೆಯಾ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗಾದ್ರೆ ಏನ್ ತೊಂದ್ರೆ?” ಎಂದರು.

ನೀನೇ ಕಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎರಡು ತಿಂಗಳು ಕಲಿಸಿದೆ. ಆಮೇಲೆ ಮೂರು ಕಚೇರಿಗಳ ನಮೂನೆ ತುಂಬುವುದರಲ್ಲೇ ಆ ಗಂಟೆ ಕಳೆದುಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಕೇಳುವವರು ಯಾರೂ ಇರಲಿಲ್ಲ ಎಂಬುದು ಉಳಿದರ್ಧ. ನಿಮ್ಮ ನಮೂನೆಯಲ್ಲಿ ಮೂರೇ ಆಯ್ಕೆ: ಅತ್ಯುತ್ತಮ, ತೃಪ್ತಿಕರ, ಸುಧಾರಿಸುತ್ತಿದೆ. ‘ನಡೆಯುತ್ತಿಲ್ಲ’ ಎಂಬುದೇ ಇಲ್ಲ. ನಿಜ, ಆದರೆ ಬೇರೆ ಕಾಗದದಲ್ಲಿ ಒಂದು ಸಾಲು ಬರೆದು ಕಳಿಸಲು ನನ್ನ ಕೈ ಯಾರು ಹಿಡಿದಿದ್ದರು?

ಈ ನಡುವೆ ಚೂಟಿ ಒಂದು ಚೀಟಿ ತಪ್ಪಾಗಿ ಓದಿದ್ದರಿಂದ ಗಂಟು ಬೇರೆ ಮನೆ ಸೇರಿತು. ಅವಳ ತಾಯಿ ಮತ್ತೆ ದಾರ ಕಟ್ಟುತ್ತಿದ್ದಾರೆ.

ಕಳೆದ ತಿಂಗಳು ನಿಮ್ಮ ಪ್ರಚಾರ ವಿಭಾಗದವರು ಮರುಸಂಘಟನೆಯ ಯಶಸ್ಸಿನ ಪುಸ್ತಿಕೆಗಾಗಿ ಫೋಟೊ ತೆಗೆಯಲು ಬಂದರು. ಈ ಸಲ ನಾನು ಯಾರನ್ನೂ ತೋಟಕ್ಕೆ ಕಳಿಸಲಿಲ್ಲ. ಚೂಟಿಯ ತರಗತಿ ಈಗ ಐದನೆಯದು. ಫೋಟೊದವರು, “ಕ್ಲಾಸು ತುಂಬಾ ಚೆನ್ನಾಗಿದೆ ಸಾರ್,” ಎಂದರು. ಹಳೆಯ ಅಭ್ಯಾಸದಿಂದ ಗೋಡೆಯ ಕಡೆ ನೋಡಿ ಎಣಿಸಿದೆ. ಇಪ್ಪತ್ತೇಳು ಚೀಲ, ಇಪ್ಪತ್ತೇಳು ಮಕ್ಕಳು. ಸರಿಹೊಂದಿತು. ಆದರೆ ಬೆಳಿಗ್ಗೆ ಹಾಜರಿ ಕೂಗಿದಾಗ ಮೂವತ್ತೆರಡು ಮಕ್ಕಳಿದ್ದರು.

ತೋಟಕ್ಕೆ ಓಡಿದೆ. ಐವರೂ ಬೆನ್ನಿಗೆ ಚೀಲ ಹಾಕಿಕೊಂಡೇ ಗಿಡಗಳಿಗೆ ನೀರು ಹಾಕುತ್ತಿದ್ದರು.

“ಇಲ್ಲಿಗ್ಯಾಕಮ್ಮಾ ಬಂದ್ರಿ?”

“ಯಾರೋ ಬಂದ್ರಲ್ಲ ಸರ್,” ಎಂದಳು ಚೂಟಿ.

“ಮತ್ತೆ ಚೀಲ?”

“ಅವತ್ತು ಚೀಲ ಬಿಟ್ಟು ಬಂದಿದ್ದಕ್ಕೇ ತಾನೇ ನೀವು ಬೈಸ್ಕೊಂಡಿದ್ದು? ಅದಕ್ಕೇ ಎಲ್ಲರಿಗೂ ತಗೊಳ್ರೋ ಅಂದೆ.”

ಮಾನ್ಯರೇ, ಅವಳು ನನ್ನ ಮಾನ ಕಾಪಾಡಲು ಬಂದಿದ್ದಳು. ನನ್ನ ಶಾಲೆಯಲ್ಲಿ ಮೂರು ವರ್ಷಗಳಲ್ಲಿ ಅವಳು ಪೂರ್ತಿಯಾಗಿ ಕಲಿತ ಪಾಠ ಅದೊಂದೇ. ಅದನ್ನು ಕಲಿಸಿದವನು ನಾನು. ಅದು ಯಾರ ಕಣ್ಣಿಗೂ ಬೀಳದಂತೆ ಏರ್ಪಾಡು ಮಾಡಿದವರು ನೀವು.

ನಾನು ಕಳಿಸಿದ ಮೂರೂ ವರದಿಗಳು ಸುಳ್ಳು. ಈ ಮೂಲಕ ಬಹಿರಂಗವಾಗಿ ಹಿಂಪಡೆಯುತ್ತಿದ್ದೇನೆ. ಅದಕ್ಕೆ ಶಿಕ್ಷೆ ಏನಿದೆಯೋ ಕೊಡಿ, ವಾದಿಸುವುದಿಲ್ಲ. ನಾಳೆಯಿಂದ ಆ ಒಂದು ಗಂಟೆ ಐವರ ಜೊತೆ ನಾನೇ ಕೂರುತ್ತೇನೆ. ಆದರೆ ಸಹಾಯಕಿಗೆ ಗೊತ್ತಿದ್ದ ವಿದ್ಯೆ ನನಗೆ ಗೊತ್ತಿಲ್ಲ. ಇನ್ನು ಐದು ತಿಂಗಳಿಗೆ ಚೂಟಿ ದೊಡ್ಡ ಶಾಲೆಗೆ ಹೋಗುತ್ತಾಳೆ, ಇಲ್ಲವೇ ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತಾಳೆ. ಆದ್ದರಿಂದ ಈ ತಿಂಗಳೊಳಗೆ ಸಹಾಯಕಿಯನ್ನು ವಾಪಸು ಕಳಿಸಿ. ಈ ಮಕ್ಕಳ ಓದು ನಮ್ಮ ಹೊಣೆ ಎಂದು ಹೇಳಬಲ್ಲ ಒಂದೇ ಒಂದು ಕಚೇರಿಯನ್ನು ಗೊತ್ತುಮಾಡಿ. ಹೇಳದೆ ಕೇಳದೆ ಬರುವ ಆ ಅಧಿಕಾರಿಯ ಹುದ್ದೆಯನ್ನು ಮತ್ತೆ ತೆರೆಯಿರಿ.

ಬರುವವರಿಗೆ ಒಂದು ಮಾತು ಹೇಳಿ ಕಳಿಸಿ. ಇನ್ನು ಮುಂದೆ ಚೀಲ ಎಣಿಸಿದರೆ ಸಾಲದು. ಗೇಟು ದಾಟಿದ ಕೂಡಲೇ ನೇರವಾಗಿ ಹಿಂದಿನ ತೋಟಕ್ಕೆ ಹೋಗಲಿ.

ಇಂತಿ,
ಹನ್ನೊಂದು ವರ್ಷದ ಹುಡುಗಿಯಿಂದ ಮಾನ ಉಳಿಸಿಕೊಂಡ
ಒಬ್ಬ ‘ತೃಪ್ತಿಕರ’ ಮುಖ್ಯೋಪಾಧ್ಯಾಯ