ಮುಳ್ಳು ಚುಚ್ಚದ ಕವಳೆ ಹಣ್ಣು

ಜಗಳೂರು
12-7-1986

ನನ್ನ ಮಗಳು ಅನ್ನಪೂರ್ಣಳಿಗೆ,

ನಿನ್ನ ಅವ್ವ ಗಾದ್ರಮ್ಮ ತಲೆಯ ಮೇಲೆ ಕೈಯಿಟ್ಟು ಬರೆಯುವುದು. ನಾನು ಉಂಡುಕೊಂಡು ಓಡಾಡಿಕೊಂಡಿದ್ದೇನೆ. ಸಂತೇಬೆನ್ನೂರಿನಲ್ಲಿ ನೀನೂ ನಿನ್ನ ಬಾಲವಾಡಿಯ ಮಕ್ಕಳೂ ನೆಟ್ಟಗಿದ್ದೀರೆಂದು ತಿಳಿದಿದ್ದೇನೆ.

ಯುಗಾದಿಗೆ ಮುಂಚೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಕೊಡುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈ, ಆದರೆ ಪೂರ್ತಿ ಓದಿ ಬೈ. ಇಷ್ಟು ವರ್ಷ ನನ್ನ ಕಾಗದಗಳನ್ನು ಪಕ್ಕದ ಮನೆ ಮೂಕಪ್ಪ ಬರೆಯುತ್ತಿದ್ದ. ನಾನು ನಾಲ್ಕು ಮಾತು ಹೇಳಿದರೆ ಎರಡು ಬರೆದು, ತನ್ನದೊಂದು ಸೇರಿಸಿ ಅಂಟು ಹಚ್ಚುತ್ತಿದ್ದ. ಇದು ನನ್ನದೇ ಕೈ. ಮೂರನೇ ಕ್ಲಾಸಿನ ಅಕ್ಷರ, ಒತ್ತು ದೀರ್ಘ ತಪ್ಪಿದ್ದರೆ ನೀನೇ ತಿದ್ದಿಕೋ.

ಕಣ್ಣು ಬಂತು ಕಣೆ. ಇಲ್ಲಿ ಸ್ಕೂಲಿನಲ್ಲಿ ಕಣ್ಣಿನ ಕ್ಯಾಂಪ್ ಹಾಕಿದ್ದರು. ಡಾಕ್ಟರು, "ಎಷ್ಟು ವರ್ಷದಿಂದ ಕಾಣಲ್ಲ ಅಜ್ಜಿ?" ಅಂದರು. "ಕಾಣಲ್ಲ ಅಂತ ಯಾವನು ಹೇಳಿದ? ಒಂಚೂರು ಮಸುಕೈತೆ ಅಷ್ಟೆ" ಅಂದೆ. "ಈ ಪೊರೆಗೆ ಐದಾರು ವರ್ಷ ಆಗೈತೆ" ಅಂದರು. ಆ ಮಾತು ಆಗ ನನ್ನ ತಲೆಗೆ ಇಳಿಯಲಿಲ್ಲ. ದಪ್ಪ ಕನ್ನಡಕ ಹಾಕಿಕೊಂಡು ಮನೆಗೆ ಬಂದವಳಿಗೆ ಮೊದಲು ಕಂಡದ್ದು ಮೂಕಪ್ಪನ ಹೆಂಡತಿ ನನಗೆ ಸಾರು ತಂದುಕೊಡುವ ಪಾತ್ರೆಯ ತಳ. "ಹಿಂಗೇನೇ ನೀನು ಪಾತ್ರೆ ತೊಳಿಯೋದು?" ಅಂದೆ. "ಕಣ್ಣಿಲ್ದಾಗ್ಲೇ ಚೆನ್ನಾಗಿದ್ರಿ ಬಿಡ್ರಿ ಅಜ್ಜಿ" ಅಂದಳು. ಅವಳು ಅಂದದ್ದೇ ಸರಿಯಾಯಿತು.

ಮಕ್ಕಳು ಕಂಡಕಂಡ ಗಿಡಕ್ಕೆ ಕೈಹಾಕುತ್ತವೆ, ಎದೆ ನಡುಗುತ್ತದೆ, ಯಾವುದು ತಿನ್ನಬಹುದು ಬರಿ ಎಂದು ಕೇಳಿದ್ದೆ. ನಿನ್ನ ಎದೆ ಯಾಕೆ ನಡುಗುತ್ತದೆಂದು ನನಗೆ ಗೊತ್ತಿಲ್ಲವೇ. ಗೋವಿನಕೋವಿಯಲ್ಲಿ ನಮ್ಮ ರುದ್ರಾಣಿ ಕಾಡುಹಣ್ಣು ತಿಂದು ಹೋಗಿ ಮೂರು ವರ್ಷವಾಯಿತು. ನಿನ್ನ ಹೊಟ್ಟೆಯ ಆರು ವರ್ಷದ ಕೂಸು. ನೀನೂ ಅಳಿಯ ಓಂಕಾರಪ್ಪನೂ ನ್ಯಾಮತಿಯಿಂದ ಬರುವಷ್ಟರಲ್ಲಿ ಕಣ್ಣು ಮೇಲೆ ಹೋಗಿತ್ತು. ಬದುವಿನ ಮೇಲಿನ ಯಾವುದನ್ನೋ ತಿನ್ನಲು ಬಿಟ್ಟಳೆಂದು ಹೆಣದ ಮುಂದೆಯೇ ನಿನ್ನ ಅತ್ತೆ ಅಂತರಘಟ್ಟಮ್ಮನಿಗೆ ನಾನು ಅಂದದ್ದು ಊರಿಗೆಲ್ಲ ಕೇಳಿತ್ತು. "ಕೂಸಿನ್ನ ಕೊಂದ ಕೈಯಾಗೆ ಹೆಂಗೆ ಉಣ್ತೀಯೇ?" ಅಂದಿದ್ದೆ. ಆಕೆ ತಲೆ ಎತ್ತಲಿಲ್ಲ. ನೀನು ನನ್ನ ಮಾತು ಹಿಡಿದುಕೊಂಡು ಗಂಡನ ಮನೆಯ ಹೊಸ್ತಿಲು ಬಿಟ್ಟೆ.

ಇರಲಿ, ಕೇಳಿದ್ದಕ್ಕೆ ಹೇಳುತ್ತೇನೆ. ಬಾರೆ ಹಣ್ಣು ಕೊಡು. ಅದರ ಮುಳ್ಳು ಸೆರಗು ಹಿಡಿದು ಜಗ್ಗುತ್ತದೆ, ಗುರುತು ತಪ್ಪುವುದಿಲ್ಲ. ಕಾರೆ ಹಣ್ಣು ಹಳದಿಯಾದ ಮೇಲೆ ಕೊಡು. ಗುಲಗಂಜಿ ಕೆಂಪಗೆ ಮುದ್ದಾಗಿರುತ್ತದೆ, ಮಕ್ಕಳ ಕೈಯಲ್ಲಿ ಕಂಡರೆ ಕಿತ್ತು ಎಸೆ. ಬೇಲಿಗೆ ಹಾಕುವ ಕಾಡುಹರಳಿನ ಬೀಜವನ್ನು ಕಡಲೆಬೀಜವೆಂದು ಒಡೆಯುತ್ತವೆ, ಎರಡೇಟು ಹಾಕಿಯಾದರೂ ಬಿಡಿಸು. ಹಕ್ಕಿ ತಿಂತು, ನಾವೂ ತಿನ್ನಬಹುದು ಅನ್ನುವ ಬುದ್ಧಿವಂತರ ಮಾತು ಕೇಳಬೇಡ. ಹಕ್ಕಿಯ ಹೊಟ್ಟೆ ಬೇರೆ, ನಮ್ಮದು ಬೇರೆ. ನಿನಗೇ ಗುರುತು ಸಿಗದಿದ್ದರೆ ಬೇಡವೇ ಬೇಡ.

ಕವಳೆಯ ವಿಷಯ ಬರೆಯುವ ಮುಂಚೆ ಹೊಸ ಕಣ್ಣಿನಲ್ಲಿ ಒಮ್ಮೆ ನೋಡಿಬರೋಣವೆಂದು ಗುಡ್ಡದ ನನ್ನ ಹಳೇ ಜಾಗಕ್ಕೆ ಹೋದೆ. ಗಮನವಿಟ್ಟು ಓದು. ಕವಳೆಗೆ ಎಲೆ ಜೋಡಿಜೋಡಿ. ಮುಳ್ಳು ಗಟ್ಟಿ. ಕಿತ್ತರೆ ಹಾಲು ಬರುತ್ತದೆ, ಹಣ್ಣು ಕಪ್ಪು. ಅದರ ಮಗ್ಗುಲಲ್ಲೇ ಇನ್ನೊಂದು ಗಿಡ ಎದ್ದಿದೆ. ಅದರದ್ದೂ ಕಪ್ಪು ಹಣ್ಣೇ, ಅದೇ ಗಾತ್ರ, ಅದಕ್ಕೂ ಹಾಲು. ಆದರೆ ಒಂದು ಗಿಣ್ಣಿಗೆ ನಾಲ್ಕು ಎಲೆ, ಮುಳ್ಳು ಒಂದೂ ಇಲ್ಲ. ಆಡು ಕೂಡ ಬಾಯಿಡುವುದಿಲ್ಲ. ಕುರಿ ಕಾಯುವ ಯರ್ರಿಸ್ವಾಮಿಯನ್ನು ಕೇಳಿದೆ. "ಅದು ವಿಷ ಅಜ್ಜಿ, ಬಂದು ಐದಾರು ವರ್ಷಾತು. ನೀವು ನೋಡಿಲ್ಲೇನು?" ಅಂದ. ಗುಡ್ಡದ ಮೇಲೆ ಹೊತ್ತು ಮುಳುಗುವ ತನಕ ಕೂತಿದ್ದೆ, ಕೊನೆಗೆ ಅವನೇ ಕೈಹಿಡಿದು ಇಳಿಸಿದ.

ಅಲ್ಲಿಂದ ಎರಡು ತಿಂಗಳು ಪೆನ್ನು ಮುಟ್ಟಲಿಲ್ಲ. ಹೋದ ವಾರ ಗೋವಿನಕೋವಿಗೆ ಹೋಗಿದ್ದೆ. ನಿನ್ನ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಓಂಕಾರಪ್ಪ ಬೇರೆ ಮದುವೆಯಾಗಿಲ್ಲ, ತಾಯಿಗೆ ತಾನೇ ಗಂಜಿ ಕುಡಿಸುತ್ತಾನೆ. ನಿನ್ನ ಹೆಸರು ಹೇಳಿದರೆ ಎದ್ದು ಹೊರಗೆ ಹೋಗುತ್ತಾನೆ. ನೀನು ಒಂದು ಸಲ ಹೋಗಬೇಕು. ಈ ಕಾಗದ ಕೈಸೇರಿದ ದಿನವೇ ಬಸ್ಸು ಹತ್ತು. ಅವರ ಕಾಲು ಮುಟ್ಟು. ಇದು ನಾನು ನಿನಗೆ ಹೇಳುತ್ತಿರುವ ಕೊನೆಯ ಬುದ್ಧಿಮಾತು. ಇನ್ನು ಮುಂದೆ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ನೀನು ಸಾಕುವ ಪರರ ಮಕ್ಕಳೆಲ್ಲ ನೂರು ವರ್ಷ ಬಾಳಲಿ. ನಿನ್ನ ಹಣೆಯ ಕುಂಕುಮ ಗಟ್ಟಿಯಾಗಿರಲಿ.

ಇಂತಿ ನಿನ್ನ ಹೆತ್ತವಳು
ಗಾದ್ರಮ್ಮ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ:

ಕೂಸು ಹೋದ ವಾರ, ಗೋವಿನಕೋವಿಯ ಮಗ್ಗುಲ ಹೊನ್ನಾಳಿ ಸಂತೆಗೆ ಹೊರಟಿದ್ದ ನಿನ್ನ ಸೋದರಮಾವ ತಿಪ್ಪೇಶಪ್ಪನ ಕೈಯಲ್ಲಿ ರುದ್ರಾಣಿಗೆಂದು ಮುತ್ತುಗದ ಎಲೆಯಲ್ಲಿ ಕವಳೆ ಹಣ್ಣು ಕಟ್ಟಿ ಕಳಿಸಿದ್ದೆ. ಕಣ್ಣು ಕಾಣದಿದ್ದರೂ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಗುಡ್ಡ ಹತ್ತಲು ಬಿಡುತ್ತಿರಲಿಲ್ಲ. ಕೈ ಸವರಿ ಸವರಿ ಕಿತ್ತಿದ್ದೆ. ಅವತ್ತು ಕೈಗೆ ಒಂದು ಮುಳ್ಳೂ ಚುಚ್ಚಿರಲಿಲ್ಲ. "ನನ್ನ ಕೈ ಎಷ್ಟು ಪಳಗೈತೆ ನೋಡು" ಎಂದು ತಿಪ್ಪೇಶಪ್ಪನ ಮುಂದೆ ಬೀಗಿದ್ದೆ. ನನ್ನ ಹಣ್ಣು ತಪ್ಪೀತೆಂದು ನನಗೇ ಹೊಳೆಯಲಿಲ್ಲ, ಇನ್ನು ನಿನಗೆ ಹೇಗೆ ಹೊಳೆಯಬೇಕು.

ಅಂತರಘಟ್ಟಮ್ಮನ ಕಾಲ ಬಳಿ ಕೂತು ಎಲ್ಲ ಹೇಳಿದೆ. ಅವರು, "ನಂಗೆ ಅವತ್ತೇ ಗೊತ್ತಿತ್ರೀ ಬೀಗ್ತೇರೆ. ಪೊಟ್ಟಣ ಬಿಚ್ಚಿದ್ದು ನಾನೇ. ಉಳಿದ ಹಣ್ಣು ತಿಪ್ಪೆಯಾಗೆ ಹೂತೆ" ಅಂದರು.

"ಮತ್ತೆ ನಾನು ಅಂದಾಗ ಯಾಕ್ರೀ ಸುಮ್ಕಿದ್ರಿ?" ಅಂದೆ.

"ಅವಳು ಈ ಮನೆಯಾಗೆ ನಿಲ್ಲಲ್ಲ ಅಂತ ಮುಖ ನೋಡಿದ್ರೆ ತಿಳೀತಿತ್ತು. ನಾನು ಬಾಯಿ ಬಿಟ್ಟಿದ್ರೆ ತವರೂ ಹೋಗ್ತಿತ್ತು. ಎಲ್ಲಿಗೆ ಹೋಗ್ತಿತ್ರೀ ಆ ಹುಡುಗಿ?"

ಈಗ ನಿನಗೆ ತವರು ಬೇಡವಾದರೆ ನಾನು ಬಾಗಿಲಿಗೆ ಬಂದು ಅಳುವುದಿಲ್ಲ. ಅವರ ಮನೆಯನ್ನು ಮಾತ್ರ ಬಿಡಬೇಡ.

ಇನ್ನೊಂದು ಮಾತು. ಕಹಿಯಾದದ್ದನ್ನು ಉಗುಳಬೇಕೆಂದು ಆ ಕೂಸಿಗೆ ಕಲಿಸಿದವಳು ನಾನೇ. ಮೊದಲ ಹಣ್ಣಿಗೇ "ಕಹಿ ಐತೆ" ಅಂದಳಂತೆ. "ಉಗಿ ಮಗಾ" ಅಂದರಂತೆ ನಿನ್ನ ಅತ್ತೆ. "ಜಗಳೂರಜ್ಜಿ ಕಳ್ಸಿದ್ದು" ಎಂದು ನುಂಗಿದಳಂತೆ.