ಎಡಗೈಗೆ ಬಂದ ಸೈಕಲ್ ಗೇರು

ಅರಸೀಕೆರೆ
೧೭-೧-೧೯೪೪, ಸೋಮವಾರ

ನನ್ನ ಮನೆಯವರಿಗೆ,

ಸುಮಿತ್ರಳ ನಮಸ್ಕಾರಗಳು. ಹೇಗಿದ್ದೀರಿ? ಮರಳಿನ ಧೂಳಿಗೆ ಕಣ್ಣು ಉರಿಯುತ್ತದೆ ಎಂದು ಬರೆದಿದ್ದಿರಿ, ಈಗ ವಾಸಿಯೇ? ಮಿಲಿಟರಿ ಲಾರಿಯ ಕೆಳಗೆ ಮಲಗಿ ರಿಪೇರಿ ಮಾಡುವವರಿಗೆ ಕಣ್ಣು ಜೋಪಾನ ಅಂದರೆ ನಗುತ್ತೀರೇನೋ, ಆದರೂ ಜೋಪಾನ. ನೀವಿರುವ ಊರಿನ ಹೆಸರು ಬರೆಯಬಾರದಂತೆ. ಅತ್ತೆ ದಿನಾ ಬೆಳಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ಹೆಸರಿಲ್ಲದ ಆ ಊರಿಗೇ ಕೈ ಮುಗಿಯುತ್ತಾರೆ. ಚಳಿಗೆ ಅವರ ಮಂಡಿ ಹಿಡಿದುಕೊಂಡಿದೆ, ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿದೆ.

ನಿಮ್ಮ ಕಾಗದ ತಲುಪಿತು. ‘ಕೈನೋವು ಜಾಸ್ತಿಯಾಗಿದೆ ಅಂತ ಅಣ್ಣ ಬರೆದಿದ್ದಾನೆ. ಸೈಕಲ್ಲು ಅವನಿಗೆ ಒಪ್ಪಿಸು, ಹಳೇಬೀಡಿನ ಕಡೆಯ ವ್ಯಾಪಾರವನ್ನೂ ಅವನೇ ನೋಡಿಕೊಳ್ಳಲಿ, ನೀನು ಮನೆಯಲ್ಲಿ ನೆಮ್ಮದಿಯಾಗಿರು’ ಅಂತ ಬರೆದಿದ್ದೀರಿ. ನಿಮ್ಮ ಕಾಳಜಿಯನ್ನು ಕಣ್ಣಿಗೊತ್ತಿಕೊಂಡೆ. ಸೈಕಲ್ಲು ಒಪ್ಪಿಸಲಿಲ್ಲ. ಯಾಕೆ ಒಪ್ಪಿಸಲಿಲ್ಲ ಅಂತ ಹೇಳಬೇಕು, ಪೂರ್ತಿ ಓದಿ. ಮಧ್ಯದಲ್ಲಿ ಸಿಟ್ಟು ಬಂದರೆ ಒಂದು ಲೋಟ ನೀರು ಕುಡಿದು ಮತ್ತೆ ಓದಿ.

ನೋವು ಸುಳ್ಳಲ್ಲ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಶುರುವಾಗಿ ಮಣಿಕಟ್ಟಿನವರೆಗೆ ಎಳೆಯುತ್ತದೆ. ಬೆಳಗ್ಗೆ ಎದ್ದಾಗ ಮುದ್ದೆ ತಿರುವುವ ಕೋಲು ಹಿಡಿಯಲಾಗುವುದಿಲ್ಲ. ಚಿಕ್ಕಂದಿನಿಂದ ಅಪ್ಪನ ಮನೆಯಲ್ಲಿ ಕೊಬ್ಬರಿ ಒಡೆದ ಕೈ, ಅದರ ಫಲ ಇರಬೇಕು. ಆಸ್ಪತ್ರೆಯ ಡಾಕ್ಟರು ಔಷಧಿ ಬರೆದುಕೊಟ್ಟು, ಕೈಗೆ ವಿಶ್ರಾಂತಿ ಕೊಡಿ ಅಂದರು. ಅತ್ತೆ ಎಕ್ಕದ ಎಲೆ ಕಾಯಿಸಿ ಕಟ್ಟಿದರು. ಎರಡರಿಂದಲೂ ಒಂದಿಷ್ಟು ಸುಖ ಸಿಕ್ಕಿತು. ಸೈಕಲ್ಲಿನ ಬ್ರೇಕು ಹಿಡಿಯುವುದು ನಾಲ್ಕು ಬೆರಳಿನ ಕೆಲಸ, ಅದು ನನ್ನಿಂದಾಗುತ್ತದೆ. ಗೇರು ಬದಲಾಯಿಸುವ ಹಿಡಿ ಮಾತ್ರ ಬಲಗೈ ಹೆಬ್ಬೆರಳಿಗೇ ಬಂದು ಕೂತಿದೆ. ನೀವು ಬೆಂಗಳೂರಿನಿಂದ ಅಷ್ಟು ಆಸೆಯಿಂದ ತಂದ ಮೂರು ಗೇರಿನ ಸೈಕಲ್ಲಿನಲ್ಲಿ ನನಗೆ ಆಗದ ಜಾಗ ಅದೊಂದೇ.

ಕಾರ್ತಿಕದಲ್ಲಿ ಜಾವಗಲ್ಲಿನ ಏರಿನಲ್ಲಿ ಬಿದ್ದದ್ದು ಅದರಿಂದಲೇ. ಹಗುರದ ಗೇರಿಗೆ ಬರಲು ಹಿಡಿಯನ್ನು ಒತ್ತಿದೆ, ಚೂರಿ ಹಾಕಿದ ಹಾಗಾಗಿ ಕೈ ತಾನಾಗಿ ಬಿಟ್ಟಿತು. ಸೈಕಲ್ಲು ಚರಂಡಿಗೆ, ನಾನು ಕಳ್ಳಿಬೇಲಿಗೆ. ಮಾದರಿಗೆ ತಂದಿದ್ದ ತೆಂಗಿನಕಾಯಿಗಳು ಇಳಿಜಾರಿನಲ್ಲಿ ಉರುಳಿಕೊಂಡು ಹೋದವು. ಹಿಂದೆ ಬರುತ್ತಿದ್ದ ಗಾಡಿಯವನೊಬ್ಬ ಎತ್ತಿ ಕೂರಿಸಿ ನೀರು ಕೊಟ್ಟ. ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ನಿಮ್ಮ ಅಣ್ಣ, ನಮ್ಮ ಭಾವನವರು, ಒಂದು ಮಾತೂ ಬೈಯಲಿಲ್ಲ. ಸೈಕಲ್ಲನ್ನು ತಮ್ಮ ವ್ಯಾಪಾರದ ಮಂಡಿಗೆ ತಳ್ಳಿಸಿಕೊಂಡು ಹೋಗಿ ಕೊಬ್ಬರಿ ಚೀಲಗಳ ಹಿಂದೆ ನಿಲ್ಲಿಸಿ ಬೀಗ ಹಾಕಿದರು. ‘ಹೆಂಗಸು ಸೈಕಲ್ ಹತ್ತಿದಾಗಲೇ ಊರು ನಕ್ಕಿತ್ತು, ಬಿದ್ದ ಮೇಲಾದರೂ ಇಳಿಯಲಿ’ ಅಂತ ಅಕ್ಕನ ಹತ್ತಿರ, ಅದೇ ನಿಮ್ಮ ಅತ್ತಿಗೆಯ ಹತ್ತಿರ, ಹೇಳಿದರಂತೆ.

ಎಂಟು ಹತ್ತು ದಿನ ನಾನೂ ಸೋತವಳ ಹಾಗೇ ಕೂತಿದ್ದೆ. ನೀವು ಹೋದ ಮೇಲೆ ನಾನು ನೋಡುತ್ತಿದ್ದ ತೆಂಗಿನ ತೋಟಗಳ ಫಸಲು ಮಾತಾಡುವುದು, ಕಾಯಿ ನೋಡಿ ಬೆಲೆ ಕಟ್ಟುವುದು, ರೈತರ ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುವುದು, ಎಲ್ಲ ಮುಗಿಯಿತು ಅಂದುಕೊಂಡೆ. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕಣ್ಣೀರು ಹಾಕುತ್ತಿದ್ದೆ. ಅತ್ತೆ ನೋಡಿದರು. ‘ನಂಗೆ ಮಂಡಿ ಹಿಡ್ಕಂಡಾಗ ನೀನೇ ಕೋಲು ತಂದುಕೊಟ್ಟೆ ಕಣೇ. ನಡೀಬ್ಯಾಡ ಅಂದ್ಯಾ? ಹೋಗು, ನಿನ್ನ ಕೈಗೂ ಏನಾದ್ರೂ ಹುಡುಕು’ ಅಂದರು. ನಿಮ್ಮ ಅವ್ವ ಬಾಯಿ ಜೋರು ಅಂತ ನೀವು ಹೇಳುತ್ತಿದ್ದಿರಲ್ಲ, ಆ ಬಾಯಿಗೆ ನಾನು ಅವತ್ತು ಸಕ್ಕರೆ ಹಾಕಿದೆ.

ಮರುದಿನ ನೇರ ಮಂಡಿಗೆ ಹೋದೆ. ನಾಲ್ಕಾರು ಸಾಹುಕಾರರು ಕೂತಿದ್ದರು. ಸೆರಗು ಹೊದ್ದು, ತಲೆ ತಗ್ಗಿಸದೆ, ‘ಭಾವ, ಸೈಕಲ್ ಕೊಡಿ’ ಅಂದೆ. ಅವರು ತಕ್ಕಡಿ ನೋಡುತ್ತಾ, ‘ಕೈ ಆಗಲ್ಲ ಅಂದ ಮೇಲೆ ಸೈಕಲ್ ಯಾಕಮ್ಮ?’ ಅಂದರು. ‘ಕೈಗೆ ಆಗೋ ಹಾಗೆ ಸೈಕಲ್ ಮಾಡಿಸ್ತೀನಿ. ಕೊಡದಿದ್ರೆ ಇಲ್ಲೇ ಕೂತಿರ್ತೀನಿ’ ಅಂದು ಕೊಬ್ಬರಿ ಚೀಲದ ಮೇಲೆ ಕೂತೇಬಿಟ್ಟೆ. ಸಾಹುಕಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವ್ಯಾಪಾರ ನಿಂತಿತು. ಭಾವ ಬೀಗದ ಕೈಯನ್ನು ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟರು. ನಾನು ಬಗ್ಗಿ ಎತ್ತಿಕೊಂಡೆ.

ಸ್ಟೇಷನ್ ರಸ್ತೆಯ ಸೈಕಲ್ ಷಾಪಿನ ರಾಮಣ್ಣ ನಿಮಗೆ ಗೊತ್ತೇ ಇದ್ದಾನೆ. ಯುದ್ಧದಿಂದಾಗಿ ವಿಲಾಯಿತಿಯಿಂದ ಹೊಸ ಸಾಮಾನು ಬರುತ್ತಿಲ್ಲವಂತೆ. ಹಳೆಯ ಡಬ್ಬದಿಂದ ಬೇರೊಂದು ಹೆಬ್ಬೆರಳಿನ ಹಿಡಿ ತೆಗೆದ. ಒತ್ತಿ ನೋಡಿದೆ, ನಮ್ಮದಕ್ಕಿಂತ ಮೃದು, ಆದರೂ ನಾಲ್ಕನೇ ಸಲಕ್ಕೆ ಬೆರಳು ಕಿತ್ತುಕೊಂಡು ಬಂತು. ಆಮೇಲೆ ಹಳೇ ಕಾಲದ ಒಂದು ಉದ್ದನೆಯ ಹಿಡಿ ತಂದ. ಅದು ಕೂರುವ ಸೀಟಿನ ಮುಂದಿನ ಕೊಳವೆಯ ಮೇಲೆ ಕೂರುವಂಥದ್ದು, ಬೆರಳೇ ಬೇಡ, ಇಡೀ ಕೈಯಿಂದ ಎಳೆಯಬಹುದು. ಖುಷಿಯಾಯಿತು. ಕಚ್ಚೆ ಬಿಗಿದು ಸ್ಟೇಷನ್ ತನಕ ಓಡಿಸಿದೆ. ಸೀರೆಯ ನೆರಿಗೆ ಅದಕ್ಕೆ ಸಿಕ್ಕಿ ಹರಿದು, ಇನ್ನೊಮ್ಮೆ ಬೀಳುವುದರಲ್ಲಿದ್ದೆ. ಅದನ್ನು ಮಾಡಿದವರು ಸೀರೆಯನ್ನು ಕಂಡವರೇ ಅಲ್ಲ.

ರಾಮಣ್ಣ ಸಾಕು ಬಿಡಿ ಅಂದ. ನಾನು ಬಿಡಲಿಲ್ಲ. ‘ಈ ಉದ್ದದ್ದನ್ನೇ ಹ್ಯಾಂಡಲ್ಲಿಗೆ ಕೂರಿಸು, ಎಡಗಡೆಗೆ’ ಅಂದೆ. ‘ಎಡಕ್ಕೆ ಎಲ್ಲಾದ್ರೂ ಉಂಟೇ ಅಮ್ಮಾ, ಕಂಪನಿಯೋರು ಹಂಗೆ ಮಾಡಿಲ್ಲ’ ಅಂತ ಗೊಣಗಿದ. ‘ಕಂಪನಿಯೋರ ಹೆಬ್ಬೆರಳು ನೋಯ್ತಿರಲಿಲ್ಲ, ನನ್ನದು ನೋಯ್ತದೆ. ಕೂರಿಸು’ ಅಂದೆ. ಗೊಣಗುತ್ತಲೇ ಕೆಲಸಕ್ಕೆ ಕೂತ. ಹಿಡಿಯನ್ನು ಹ್ಯಾಂಡಲ್ಲಿಗೆ ಬಿಗಿಯುವ ಪಟ್ಟಿ ಸಡಿಲವಾಗಿ ತಿರುಗುತ್ತಿತ್ತು, ಒಳಗೆ ಚರ್ಮದ ತುಂಡು ಸುತ್ತಿದ. ಗೇರಿನ ತಂತಿ ಗಿಡ್ಡವಾಯಿತು, ಬೇರೆ ಹಾಕಿದ. ಹಿಡಿಯ ತುದಿ ಕೈಗೆ ಒತ್ತುತ್ತಿತ್ತು. ಬಡಗಿಯ ಹತ್ತಿರ ತೆಂಗಿನ ಮರದ ಒಂದು ಗುಂಡು ಮಾಡಿಸಿ ತಂದು ನಾನೇ ಸಿಕ್ಕಿಸಿದೆ. ಈಗ ಎಡಗೈ ಅಂಗೈಯ ಬುಡದಿಂದ ನೂಕಿದರೆ ಸಾಕು, ಗೇರು ಟಕ್ಕೆಂದು ಬೀಳುತ್ತದೆ. ನೋಡಲು ಚೆಂದವಿಲ್ಲ. ನನಗೆ ಚೆಂದ ಬೇಕಿರಲಿಲ್ಲ.

ಸಂಕ್ರಾಂತಿಯ ಹಿಂದಿನ ವಾರ ಹಳೇಬೀಡಿಗೆ ಹೊರಟೆ. ಜಾವಗಲ್ಲಿನ ಏರು ಬಂದಾಗ ಎಡಗೈಯನ್ನು ಗುಂಡಿನ ಮೇಲಿಟ್ಟೆ. ನೂಕಿದೆ, ಬಿತ್ತು. ಹಗುರವಾಗಿ ತುಳಿದುಕೊಂಡು ಏರು ಹತ್ತಿದೆ. ಹತ್ತಿದ ಮೇಲೆ ಯಾರೂ ಇಲ್ಲದ ರಸ್ತೆಯಲ್ಲಿ ಜೋರಾಗಿ ನಕ್ಕೆ. ರಾತ್ರಿ ಹಳೇಬೀಡಿನಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಮರುದಿನ ಹುಲಿಕೆರೆಯ ಕರಿಯಣ್ಣನವರ ತೋಟಕ್ಕೆ ಹೋದೆ. ಅವರು ನನ್ನನ್ನೂ ಸೈಕಲ್ಲನ್ನೂ ನೋಡಿ ಬೆಪ್ಪಾದರು. ‘ನಿಮ್ ಭಾವ ಬಂದಿದ್ರು. ಆ ಯಮ್ಮಂಗೆ ಕೈ ಬಿದ್ದೋಗೈತೆ, ಇನ್ಮೇಲೆ ಬರಾಕಿಲ್ಲ, ಫಸಲು ನಂಗೇ ಕೊಡು ಅಂದ್ರು. ನಾನು ತಾಳಿ, ನೋಡಾನ ಅಂದೆ’ ಅಂದರು. ಬಲಗೈ ಚಾಚಿ ಬೆರಳಾಡಿಸಿ ತೋರಿಸಿದೆ. ‘ನೋಯ್ತದೆ, ಬಿದ್ದಿಲ್ಲ’ ಅಂದೆ. ಅವರ ಹೆಂಡತಿ ಹನುಮಕ್ಕ ಒಳಗಿಂದ ನಗುತ್ತಾ ಬಂದು ಎಲೆ ಅಡಿಕೆ ಕೊಟ್ಟರು. ಫಸಲು ನಮಗೇ ಆಯಿತು.

ಭಾವ ಈಗ ನನ್ನೊಡನೆ ಮಾತು ಬಿಟ್ಟಿದ್ದಾರೆ. ಹುಲಿಕೆರೆಯ ಕಾಯಿ ಯಾವಾಗ ಬರುತ್ತದೆ ಅಂತ ಅಕ್ಕನ ಮೂಲಕ ಕೇಳಿಸುತ್ತಾರೆ, ನಾನೂ ಅಕ್ಕನ ಮೂಲಕವೇ ಹೇಳುತ್ತೇನೆ. ಪಾಪ, ಅಕ್ಕನಿಗೆ ಕಾಲು ಸವೆಯಿತು. ನನಗೆ ಅವರ ಮೇಲೆ ದ್ವೇಷವಿಲ್ಲ, ಆದರೆ ಬೀಗದ ಕೈ ನನ್ನ ಹತ್ತಿರವೇ ಇದೆ. ನೋವೂ ಹೋಗಿಲ್ಲ. ಈ ಕಾಗದವನ್ನೇ ಬಿಟ್ಟು ಬಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೇಜಾರಾಗಬೇಡಿ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಹೊಟ್ಟೆ ತುಂಬ ಉಣ್ಣು ಅಂದಿದ್ದಾರೆ. ಆ ಶಿವ ನಿಮ್ಮ ಕಣ್ಣು, ಕೈ, ಕಾಲು ಎಲ್ಲವನ್ನೂ ಕಾಯಲಿ.

ನಿಮ್ಮ
ಸುಮಿತ್ರ

ಮರೆತೆ. ಟಪಾಲಿನವನು ಬಾಗಿಲಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಯುದ್ಧ ಮುಗಿದು ನೀವು ಬಂದ ಮೇಲೂ ಹಳೇಬೀಡಿನ ಕಡೆಯ ವ್ಯಾಪಾರ ನಾನೇ ಮಾಡುತ್ತೇನೆ, ಮತ್ತೆ ಒಳಗೆ ಕೂರುವುದಿಲ್ಲ. ನೀವು ಬೇಲೂರು, ಅರೇಹಳ್ಳಿ ಕಡೆ ನೋಡಿಕೊಳ್ಳಿ, ಇಬ್ಬರಿಗೂ ಸಾಕಾಗುವಷ್ಟು ಕೆಲಸವಿದೆ. ಇದಕ್ಕೆ ಒಪ್ಪಿಗೆಯಿದ್ದರೆ ಬೇಗ ಬನ್ನಿ. ಒಪ್ಪಿಗೆಯಿಲ್ಲದಿದ್ದರೂ ಬೇಗ ಬನ್ನಿ, ಬಂದು ನನ್ನೆದುರು ಕೂತು ಜಗಳ ಆಡಿ.